ಬೋರ್ಡು ಕನ್ನಡವಾಯಿತು, ಗೋಡೆ ಯಾವಾಗ?

(ಬೆಂಗಳೂರು, ಹುಬ್ಬಳ್ಳಿಗಳಿಂದ ಶಲವಡಿಗೆ ಬಂದಿದ್ದ ತರುಣ ಗೆಳೆಯರ ಎದುರು ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಚ್ಚುಮೊಳೆ ಜೋಡಿಸಲು ಕುಳಿತವನು. ಈಗ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುತ್ತೇನೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ವಾಸ್ತುಶಾಂತಿಯ ಆಮಂತ್ರಣ, ಬಿಲ್ ಬುಕ್ಕು, ಇವೇ ನನ್ನ ವಿಶ್ವವಿದ್ಯಾಲಯ. ಕಟ್ಟಡದ ಬಗ್ಗೆ ಮಾತನಾಡಲು ಇವನಿಗೇನು ಅಧಿಕಾರ ಎಂದು ಯಾರಾದರೂ ಕೇಳಬಹುದು. ಮನೆಯಲ್ಲಿ ವಾಸಿಸುವ ಅಧಿಕಾರ ಒಂದೇ ಸಾಕೆಂದು ನಾನು ತಿಳಿದಿದ್ದೇನೆ.

ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕು ಎಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಅದಕ್ಕಾಗಿ ಬೀದಿಗಿಳಿದವರು ಇಲ್ಲಿಯೂ ಕುಳಿತಿದ್ದೀರಿ. ಸಂತೋಷ. ಆದರೆ ಬೋರ್ಡು ನೋಡಿದ ಮೇಲೆ ಆ ಬೋರ್ಡು ನೇತಾಡುವ ಗೋಡೆಯನ್ನೂ ಒಮ್ಮೆ ನೋಡಿ. ಬೆಂಗಳೂರಿನ ದೊಡ್ಡ ದೊಡ್ಡ ಆಫೀಸುಗಳಿಗೆ ಅಡಿಯಿಂದ ಮುಡಿಯವರೆಗೆ ಗಾಜು. ಚಳಿದೇಶದಲ್ಲಿ ಬಿಸಿಲನ್ನು ಒಳಗೆ ಕರೆಯಲು ಗಾಜು ಬೇಕು. ನಮ್ಮಲ್ಲಿ ಬಿಸಿಲು ಕರೆಯದೇ ಬರುತ್ತದೆ! ಮೊದಲು ಗಾಜು ಹಾಕಿ ಬಿಸಿಲನ್ನು ಬರಮಾಡಿಕೊಳ್ಳುವುದು, ಆಮೇಲೆ ಎ.ಸಿ. ಹಾಕಿ ಹೊರದಬ್ಬುವುದು. ಇದಕ್ಕೆ ಆಧುನಿಕತೆ ಎಂದು ಹೆಸರು. ಬೋರ್ಡು ಕನ್ನಡವಾಯಿತು, ಗೋಡೆ ಯಾವ ಊರಿನದು?

ನಮ್ಮ ಹಳ್ಳಿಗಳೂ ಇದರಿಂದ ಪಾರಾಗಿಲ್ಲ. ಒಂದು ದಿನ ಲೇಔಟ್ ಮಾಡುವವರೊಬ್ಬರು ಕರಪತ್ರ ಮಾಡಿಸಲು ನನ್ನ ಪ್ರೆಸ್ಸಿಗೆ ಬಂದರು. “ಪೂರ್ತಿ ಕನ್ನಡದಾಗ ಇರಬೇಕ್ರಿ” ಎಂದರು. ನನಗೆ ಹೆಮ್ಮೆಯಾಯಿತು. ಜೋಡಿಸುತ್ತಾ ಹೋದೆ: ಸಿಟೌಟ್, ಲಿವಿಂಗ್ ರೂಮ್, ಮಾಸ್ಟರ್ ಬೆಡ್‌ರೂಮ್, ಅಟ್ಯಾಚ್ಡ್ ಬಾತ್, ಯುಟಿಲಿಟಿ. ಅಕ್ಷರ ಎಲ್ಲ ಕನ್ನಡ, ಮಾತು ಒಂದೂ ಇಲ್ಲ. “ಸಿಟೌಟ್ ಅಂದ್ರ ನಮ್ಮ ಕಟ್ಟಿ ಅಲ್ಲೇನ್ರಿ?” ಎಂದು ಕೇಳಿದೆ. ಅವರು ನಕ್ಕು, “ಕಟ್ಟಿ ಅಂದ್ರ ಹಳ್ಳಿ ಅನಸ್ತೈತ್ರಿ ಸಾಹೇಬ್ರ, ರೇಟು ಬರಂಗಿಲ್ಲ” ಎಂದರು.

ಅಂದು ರಾತ್ರಿ ಒಂದು ಹಾಳೆಯ ಮೇಲೆ ನಮ್ಮ ಮಾಳಿಗೆ ಮನೆಯ ಮಾತುಗಳನ್ನು ಬರೆದೆ. ಕಟ್ಟಿ, ಪಡಸಾಲಿ, ನಡುಮನಿ, ದಂದಕ್ಕಿ, ಹಗೇವು, ಮಾಡ, ತೊಲಿ, ಜಂತಿ, ಬೆಳಕಿಂಡಿ, ಮೇಲ್ಮುದ್ದಿ, ಕುಂಬಿ. ನನ್ನ ಮಗನನ್ನು ಕರೆದು ಓದಿಸಿದೆ. ಅರ್ಧಕ್ಕಿಂತ ಹೆಚ್ಚು ಮಾತುಗಳ ಅರ್ಥ ಅವನಿಗೆ ಗೊತ್ತಿರಲಿಲ್ಲ. ಅವನ ತಪ್ಪೇನು? ಬೆಳಕಿಂಡಿಯನ್ನೇ ನೋಡದ ಹುಡುಗನಿಗೆ ಬೆಳಕಿಂಡಿ ಎಂಬ ಮಾತು ಎಲ್ಲಿಂದ ಬರಬೇಕು?

ಇವು ಬರೀ ಮಾತುಗಳಲ್ಲ, ಒಂದೊಂದರಲ್ಲೂ ಒಂದು ವಿದ್ಯೆ ಇದೆ. ಎರಡು ಮೊಳ ದಪ್ಪದ ಮಣ್ಣಿನ ಗೋಡೆ ಮಧ್ಯಾಹ್ನದ ಕಾವನ್ನು ತನ್ನಲ್ಲೇ ತಡೆದು ನಿಲ್ಲಿಸುತ್ತದೆ. ಆ ಕಾವು ಒಳಗೆ ಮುಟ್ಟುವ ಹೊತ್ತಿಗೆ ಹೊರಗೆ ಸಂಜೆಯ ತಂಪು ಬಂದಿರುತ್ತದೆ. ಬಿಸಿಯಾದ ಗಾಳಿ ಮೇಲಿನ ಬೆಳಕಿಂಡಿಯಿಂದ ಹೊರಗೆ ಹೋಗುತ್ತದೆ. ಮುಂಗಾರಿಗೆ ಮೊದಲು ಮಾಳಿಗೆಗೆ ಸವುಳು ಮಣ್ಣು ಹಾಕಿದರೆ ಮಳೆನೀರು ಬೇಗ ಇಳಿಯುವುದಿಲ್ಲ. ಇದನ್ನು ಕಂಡುಹಿಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅದು ಉಳಿದದ್ದು ಮಾತಿನಲ್ಲಿ. ಮಾತು ಹೋದರೆ ವಿದ್ಯೆಯೂ ಹೋಯಿತು.

ಇಷ್ಟೆಲ್ಲ ಹೇಳುವ ನಾನೇ ಏನು ಮಾಡಿದೆ? ಕೇಳಿ. 2019ರ ಆಗಸ್ಟಿನ ಮಳೆ ನಿಮಗೆ ನೆನಪಿರಬಹುದು. ಬೆಣ್ಣಿಹಳ್ಳ ಉಕ್ಕಿ ಹರಿಯಿತು. ಈ ಭಾಗದಲ್ಲಿ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ನಮ್ಮ ಹಿತ್ತಲ ಗೋಡೆಯೂ ಒಂದು ರಾತ್ರಿ ಬಿತ್ತು. ದೇವರು ದೊಡ್ಡವನು, ಆ ಕಡೆ ಯಾರೂ ಮಲಗಿರಲಿಲ್ಲ. ಹೆದರಿದೆ. ಇಡೀ ಮನೆ ಕೆಡವಿಸಿ ಆರ್‌ಸಿಸಿ ಹಾಕಿಸಿದೆ. ಸಾಲ ಮಾಡಿದೆ. ವಾಸ್ತುಶಾಂತಿಯ ಆಮಂತ್ರಣವನ್ನು ನಾನೇ ಅಚ್ಚುಮಾಡಿ ಊರಿಗೆಲ್ಲ ಹಂಚಿದೆ. ಈಗ ಏಪ್ರಿಲ್ ಬಂತೆಂದರೆ ನಮ್ಮ ಅಪ್ಪ ಮಧ್ಯಾಹ್ನ ಉಂಡು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಪಕ್ಕದವರ ಮಾಳಿಗೆ ಮನೆಗೆ ಮಲಗಲು ಹೋಗುತ್ತಾರೆ. “ನಿನ್ನ ಮನಿ ಚಂದ ಐತಪಾ, ಆದ್ರ ಒಳಗ ಇರಾಕ ಆಗೂದಿಲ್ಲ” ಎನ್ನುತ್ತಾರೆ. ಮಗ ಕಟ್ಟಿಸಿದ ಮನೆಯಲ್ಲಿ ತಂದೆಗೆ ನಿದ್ದೆ ಬರುವುದಿಲ್ಲ. ಇದಕ್ಕಿಂತ ದೊಡ್ಡ ಟೀಕೆಯನ್ನು ಯಾವ ತಜ್ಞ ಮಾಡಬಲ್ಲ?

ಹಾಗೆಂದು ಹಳೆಯದೆಲ್ಲ ಚಿನ್ನ ಎಂದು ಹೇಳಲು ನಾನು ಬಂದಿಲ್ಲ. ಮೇಲ್ಮುದ್ದಿಗೆ ವರ್ಷವರ್ಷ ಆಳು ಬೇಕು, ತೊಲಿಗೆ ಮರ ಬೇಕು, ಎರಡೂ ಇಂದು ಸಿಗುವುದಿಲ್ಲ. ದನದ ಪಕ್ಕದಲ್ಲೇ ಹೊಗೆಯಲ್ಲಿ ಅಡಿಗೆ ಮಾಡಿದ ನಮ್ಮ ತಾಯಂದಿರನ್ನು ಕೇಳಿದರೆ, ಆ ಮನೆ ಮತ್ತೆ ಬೇಡ ಎಂದಾರು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಹಣ ಬಂದವರು ಸಿಮೆಂಟಿನ ಮನೆ ಕಟ್ಟಿದರೆ ಅದು ಅವರ ತಪ್ಪಲ್ಲ. ಮಣ್ಣಿನ ಗೋಡೆ ಬಿದ್ದುದನ್ನು ಕಣ್ಣಾರೆ ಕಂಡವನಿಗೆ ಮಣ್ಣಿನ ಗುಣಗಾನ ಮಾಡಿದರೆ ಅವನು ಒಪ್ಪುತ್ತಾನೆಯೆ? ಬೀಳದ ಮಣ್ಣಿನ ಗೋಡೆಯನ್ನು ತೋರಿಸಬೇಕು.

ಅದನ್ನು ತೋರಿಸಿದವರು ನಮ್ಮ ನಾಡಿನಲ್ಲೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಶೇಕಡಾ 5ರಿಂದ 8ರಷ್ಟು ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೇ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. ಬೆಂಗಳೂರಿನಲ್ಲಿ ಚಿತ್ರಾ ವಿಶ್ವನಾಥ್ ಅವರು ಇಂಥ ಮಣ್ಣಿನ ಮನೆಗಳನ್ನು ವರ್ಷಗಳಿಂದ ಕಟ್ಟುತ್ತಿದ್ದಾರೆ. ತಳಪಾಯಕ್ಕೆ ಅಗೆದ ಮಣ್ಣೇ ಗೋಡೆಯಾಗಿ ಮೇಲೇಳುತ್ತದೆ. ಇನ್ನು ಕಲ್ಲಿನ ಮಾತು. ಬಿ.ವಿ. ದೋಶಿಯವರು ಬೆಂಗಳೂರಿನ ಐಐಎಂ ಕಟ್ಟಡವನ್ನು ಇಲ್ಲಿಯ ಗ್ರಾನೈಟ್ ಕಲ್ಲಿನಲ್ಲಿ, ಅಂಗಳ, ನೆರಳಿನ ಓಣಿಗಳನ್ನು ಬಿಟ್ಟು ಕಟ್ಟಿದರು. 2018ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ವಾಸ್ತುಶಿಲ್ಪಿಗಳ ಪಾಲಿಗೆ ಅದು ನೊಬೆಲ್ ಇದ್ದಂತೆ. ಬೆಂಗಳೂರು ವಿಮಾನ ನಿಲ್ದಾಣದ 2022ರ ಎರಡನೇ ಟರ್ಮಿನಲ್ಲಿನ ಛಾವಣಿಗೆ ಬಿದಿರು ಹಾಕಿದಾಗ ಎಲ್ಲರೂ ಬೆರಗಾದರು. ಅದೇ ಬಿದಿರು ಬಡವನ ಮನೆಯಲ್ಲಿದ್ದರೆ ‘ಕಚ್ಚಾ ಮನೆ’!

ಹೊರನಾಡಿನ ಒಂದು ಕತೆ ಹೇಳುತ್ತೇನೆ. ಆಫ್ರಿಕಾದ ಬುರ್ಕಿನಾ ಫಾಸೊ ದೇಶದಲ್ಲಿ ಗಾಂಡೊ ಎಂಬ ಹಳ್ಳಿ. ನಮ್ಮಂತೆಯೇ ಉರಿಬಿಸಿಲು. ಆ ಹಳ್ಳಿಯ ಹುಡುಗ ಫ್ರಾನ್ಸಿಸ್ ಕೆರೆ ಜರ್ಮನಿಗೆ ಹೋಗಿ ವಾಸ್ತುಶಿಲ್ಪ ಕಲಿತ. ಊರಿಗೆ ಶಾಲೆ ಬೇಕಿತ್ತು. ಜರ್ಮನಿಯ ನಕಾಶೆಯನ್ನು ತಂದು ಇಳಿಸಲಿಲ್ಲ. ಊರವರನ್ನೇ ಸೇರಿಸಿಕೊಂಡು, ಊರ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಇಟ್ಟಿಗೆ ಮಾಡಿಸಿದ. ಒಳಗೊಂದು ಇಟ್ಟಿಗೆಯ ಚಾವಣಿ, ಅದರ ಮೇಲೆ ಎತ್ತರದಲ್ಲಿ ತಗಡಿನ ಮಾಡು. ನಡುವೆ ಗಾಳಿ ಆಡುತ್ತದೆ. 2001ರಲ್ಲಿ ಶಾಲೆ ಮುಗಿಯಿತು. 2022ರಲ್ಲಿ ಅವನಿಗೂ ಪ್ರಿಟ್ಜ್‌ಕರ್ ಬಂತು. ಊರ ಮಾತು ಬಲ್ಲವನೇ ಅದನ್ನು ಕಟ್ಟಿದ, ಅದಕ್ಕೇ ಅದು ಸಾಧ್ಯವಾಯಿತು.

ನಮ್ಮಲ್ಲಿ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ಇದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಬೆಂಗಳೂರಿನ ಕೆಂಪು ಮಣ್ಣಿಗೆ ಒಪ್ಪಿದ ಇಟ್ಟಿಗೆ ಈ ಮಣ್ಣಿಗೆ ಹಾಗೆಯೇ ಒಪ್ಪುವುದಿಲ್ಲ. ತಳಪಾಯ ತಪ್ಪಿದರೆ ಆರ್‌ಸಿಸಿ ಮನೆಯೂ ಸೀಳುತ್ತದೆ. ನಮ್ಮ ಹಳೆಯ ಗೌಂಡಿಗಳು “ಗರಸು ಸಿಗೂತನ ಅಗೀರಿ” ಎಂದು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಬೆಂಗಳೂರಿನಲ್ಲಿ ಕುಳಿತು ಇಡೀ ರಾಜ್ಯಕ್ಕೆ ಒಂದೇ ನಕಾಶೆ ಬರೆದರೆ ಮಲೆನಾಡಿನ ಮಳೆಗೂ ನವಲಗುಂದದ ಎರೆಗೂ ಅದು ಹೊಂದುವುದು ಹೇಗೆ?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನಿಮ್ಮಲ್ಲಿ ವಾಸ್ತುಶಿಲ್ಪ, ಸಿವಿಲ್ ಇಂಜಿನಿಯರಿಂಗ್ ಓದುವವರು ವರ್ಷಕ್ಕೆ ಹದಿನೈದು ದಿನ ಒಬ್ಬ ಗೌಂಡಿಯ ಕೈಕೆಳಗೆ ನಿಲ್ಲಿ. ಅವನ ಮಾತುಗಳನ್ನು ಬರೆದುಕೊಳ್ಳಿ. ನಕಾಶೆಯ ಮೇಲೆ ಕಟ್ಟಿ, ಪಡಸಾಲಿ ಎಂದೇ ಬರೆಯಿರಿ. ಮಳೆಗೆ ಮನೆ ಕಳೆದುಕೊಂಡವರಿಗೆ ಆಯಾ ಭೂಮಿಗೆ ತಕ್ಕ ನಕಾಶೆಯನ್ನು ಕನ್ನಡದಲ್ಲಿ ಕೊಡಿ ಎಂದು ಸರ್ಕಾರವನ್ನು ಕೇಳಿ. ಬೋರ್ಡಿಗಾಗಿ ಹೋರಾಡಿದವರಿಗೆ ಇದು ದೊಡ್ಡ ಮಾತಲ್ಲ. ನೀವು ಬರೆದು ತಂದರೆ, ಆ ಮಾತುಗಳ ಒಂದು ಪುಟ್ಟ ಪುಸ್ತಕವನ್ನು ನಾನು ಅಚ್ಚುಮಾಡಿಕೊಡುತ್ತೇನೆ. ಕಾಗದದ ಖರ್ಚು ಸಾಕು, ಕೂಲಿ ಬೇಡ.

ಕೊನೆಯದಾಗಿ, ನಮ್ಮ ಆರ್‌ಸಿಸಿ ಮೇಲೆ ಈ ಬೇಸಿಗೆಗೆ ಸುಣ್ಣ ಬಳಿಸಿದ್ದೇನೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಒಳಗೆ ಸ್ವಲ್ಪ ಕಾವು ಇಳಿದಿದೆ. ಮೊನ್ನೆ ಅಪ್ಪ ಮಧ್ಯಾಹ್ನ ಒಂದು ತಾಸು ನಮ್ಮ ಮನೆಯಲ್ಲೇ ಮಲಗಿದ್ದರು. ಇನ್ನೂ ಪೂರ್ತಿ ಒಪ್ಪಿಲ್ಲ. ನಾನೂ ಬಿಟ್ಟಿಲ್ಲ.