ಸಿಮೆಂಟ್ ಕುಂಡದೊಳಗಿನ ಕಬ್ಬಿಣ

ತಾರಸಿ ಹಾಕುವಾಗ ಕಬ್ಬಿಣದ ಸರಳು ಹೆಣೆದು ಮೇಲೆ ಕಾಂಕ್ರೀಟ್ ಸುರಿಯುವುದನ್ನು ನೀವೆಲ್ಲ ನೋಡಿದ್ದೀರಿ. ಈ ಉಪಾಯಕ್ಕೆ ಪೇಟೆಂಟ್ ಪಡೆದ ಮೊದಲಿಗರಲ್ಲಿ ಒಬ್ಬ ತೋಟದ ಮಾಲಿ. ಹೆಸರು ಜೋಸೆಫ್ ಮೋನಿಯೇ, ಕೆಲಸ ಪ್ಯಾರಿಸ್‌ನಲ್ಲಿ.

ಅಲ್ಲಿನ ಸಿರಿವಂತರಿಗೆ ಕಿತ್ತಳೆ ಗಿಡದ ಹುಚ್ಚು. ಚಳಿಗೆ ಗಿಡ ಸಾಯುತ್ತದೆ, ಹಾಗಾಗಿ ತೊಟ್ಟಿಯ ಸಮೇತ ಒಳಗೆ ಸಾಗಿಸಬೇಕು. ಮರದ ತೊಟ್ಟಿ ಕೊಳೆಯುತ್ತಿತ್ತು, ಮಣ್ಣಿನದು ಒಡೆಯುತ್ತಿತ್ತು. ಮೋನಿಯೇ ತಂತಿಯ ಬಲೆ ಹೆಣೆದು ಅದಕ್ಕೆ ಸಿಮೆಂಟ್ ಮೆತ್ತಿದ. 1867ರಲ್ಲಿ ಪೇಟೆಂಟ್ ಸಿಕ್ಕಿದ್ದು ಗಿಡದ ಕುಂಡಕ್ಕೆ! 1875ರ ಹೊತ್ತಿಗೆ ಅದೇ ವಿದ್ಯೆಯಲ್ಲಿ ಶಾಜೆಲೆ ಎಂಬಲ್ಲಿ ಒಂದು ಸೇತುವೆಯೇ ಎದ್ದಿತ್ತು.

ಕಾಂಕ್ರೀಟನ್ನು ಬಲವಾಗಿ ಒತ್ತಿದರೂ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಕುಂಡದೊಳಗಿನ ಒದ್ದೆ ಮಣ್ಣು, ಬೇರು ಎರಡೂ ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ. ಆ ಎಳೆತವನ್ನು ತಂತಿ ತಡೆದುಕೊಳ್ಳುತ್ತದೆ. ಸಿಮೆಂಟಿನಲ್ಲಿರುವ ಸುಣ್ಣದ ಕ್ಷಾರ ಆ ತಂತಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆ.

ಇನ್ನು ಭಾರದ ಮಾತು. ಉದ್ದ, ಅಗಲ, ಎತ್ತರ ಎರಡೆರಡು ಅಡಿ, ಗೋಡೆ ಎರಡಂಗುಲ ದಪ್ಪದ ಕುಂಡ ಖಾಲಿಯಿದ್ದರೂ ಸುಮಾರು 190 ಕಿಲೋ ತೂಗುತ್ತದೆ. ಒದ್ದೆ ಮಣ್ಣು ತುಂಬಿದರೆ 400 ಕಿಲೋ ಆಸುಪಾಸು. ತಾರಸಿಯ ನಟ್ಟನಡುವೆ ಇಂಥವನ್ನು ಸಾಲಾಗಿ ಇಡುವವರನ್ನು ಕಂಡರೆ ನನಗೆ ದಿಗಿಲು. ಇಡಲೇಬೇಕಿದ್ದರೆ ಮನೆಯ ಇಂಜಿನಿಯರನ್ನು ಕೇಳಿ, ತೊಲೆಯ ನೇರಕ್ಕೆ ಇಡಿ. ಗಾಜಿನ ನಾರು ಬೆರೆಸಿದ ತೆಳುಗೋಡೆಯ ಕುಂಡಗಳೂ ಸಿಗುತ್ತವೆ, ತೂಕ ಬಹಳ ಕಡಿಮೆ. ತಳದಲ್ಲಿ ತೂತು ಇದೆಯೇ ಎಂದು ಮಾತ್ರ ಕೊಳ್ಳುವ ಮೊದಲೇ ಬಗ್ಗಿ ನೋಡಿ. ಅಂದಕ್ಕೆ ಮಾರುಹೋಗಿ ಇದನ್ನು ಮರೆಯುವವರೇ ಹೆಚ್ಚು.

ಹೊಸ ಕುಂಡಕ್ಕೆ ತಕ್ಷಣ ಗಿಡ ನೆಡಬೇಡಿ. ಕೆಲವು ದಿನ ನೀರು ತುಂಬಿಸಿ, ಚೆಲ್ಲಿ, ಮತ್ತೆ ತುಂಬಿಸಿ. ಸುಣ್ಣ ಒಂದಷ್ಟು ಹೊರಬರಲಿ. ದಾಸವಾಳ ಹೇಗೋ ಸುಧಾರಿಸಿಕೊಂಡೀತು, ಹುಳಿಮಣ್ಣು ಬಯಸುವ ಕೇಪಳ ಸುಮ್ಮನಿರುವುದಿಲ್ಲ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ, ಗಿಡಕ್ಕೆ ಕಬ್ಬಿಣ ಸಾಲುತ್ತಿಲ್ಲ ಎಂದು ತಿಳಿಯಿರಿ. ಕಬ್ಬಿಣ ಮಣ್ಣಿನಲ್ಲೇ ಇರುತ್ತದೆ, ಸುಣ್ಣ ಅದನ್ನು ಬೇರಿಗೆ ಬಿಟ್ಟುಕೊಡುವುದಿಲ್ಲ. ಗೋಡೆಯೊಳಗಿನ ತಂತಿಯನ್ನು ಕಾಯುತ್ತಿರುವುದೂ ಇದೇ ಸುಣ್ಣ.