ಡಾಕ್ಟರ ಅರ್ಹತೆ ಬೇರೆ, ಆಸ್ಪತ್ರೆಯ ನೋಂದಣಿ ಬೇರೆ
(ಸಂಘದ ಬೆಳ್ಳಿಹಬ್ಬದ ಆರೋಗ್ಯ ಗೋಷ್ಠಿಯಲ್ಲಿ ತುರ್ತು ಚಿಕಿತ್ಸಾ ವೈದ್ಯರೊಬ್ಬರು ಮಾಡಿದ ಭಾಷಣ)



25 ವರ್ಷ ಒಂದು ಸಂಘವನ್ನು ನಡೆಸಿಕೊಂಡು ಬರೋದು ಹುಡುಗಾಟದ ಮಾತಲ್ಲ. ಅದಕ್ಕಾಗಿ ನಿಮಗೆಲ್ಲ ನನ್ನ ಅಭಿನಂದನೆಗಳು. ಔಷಧಿಗಳ ಹೆಸರು ಹೇಳಿ ನಾನು ನಿಮ್ಮ ಹೊತ್ತು ಕಳೆಯೋದಿಲ್ಲ. ತುರ್ತು ವಿಭಾಗದಲ್ಲಿ ನಾನು ಮತ್ತೆ ಮತ್ತೆ ಕಾಣುವ ಒಂದು ತೊಡಕಿನ ಬಗ್ಗೆ ಮಾತ್ರ ಹೇಳ್ತೇನೆ.

ರೋಗಿಯನ್ನು ಕರೆತಂದವರು ಬಾಗಿಲಲ್ಲೇ ಎರಡು ಮಾತು ಕೇಳುತ್ತಾರೆ. "ದೊಡ್ಡ ಡಾಕ್ಟ್ರು ಇದ್ದಾರಾ?" ಅನ್ನೋದು ಒಂದು. "ಕಾರ್ಡು ನಡೆಯುತ್ತಾ ಸಾರ್?" ಅನ್ನೋದು ಇನ್ನೊಂದು. ದೊಡ್ಡ ಡಾಕ್ಟರು ಇದ್ದರೆ ಕಾರ್ಡೂ ನಡೆಯುತ್ತೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಇವೆರಡೂ ಬೇರೆ ಬೇರೆ ವಿಚಾರ.

ಮೊದಲು ಡಾಕ್ಟರ ವಿಷಯ. ಎಂ.ಬಿ.ಬಿ.ಎಸ್. ಅಂದರೆ ನಾಲ್ಕೂವರೆ ವರ್ಷದ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ತರಬೇತಿ. ಆಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ತುರ್ತು ಚಿಕಿತ್ಸೆಯಲ್ಲೇ ಎಂ.ಡಿ. ಮಾಡಿದವರು ಅದರ ಮೇಲೆ ಮೂರು ವರ್ಷ ಓದಿರುತ್ತಾರೆ. ನಮ್ಮ ದೇಶದಲ್ಲಿ ಈ ಶಾಖೆಗೆ ಮಾನ್ಯತೆ ಸಿಕ್ಕಿದ್ದೇ 2009ರಲ್ಲಿ. ಹಾಗಾಗಿ ತಾಲ್ಲೂಕು ಮಟ್ಟದಲ್ಲಿ ಇಂಥವರು ಸಿಗೋದು ಅಪರೂಪ. ಹಾಗಂತ ಡ್ಯೂಟಿಯಲ್ಲಿರುವ ಎಂ.ಬಿ.ಬಿ.ಎಸ್. ಡಾಕ್ಟರನ್ನು ಹಗುರವಾಗಿ ಕಾಣಬೇಡಿ. ಹಾವು ಕಚ್ಚಿದಾಗ ವಿಷಕ್ಕೆ ಪ್ರತಿಮದ್ದು ಕೊಡೋದು, ಸುರಿಯುವ ರಕ್ತ ನಿಲ್ಲಿಸೋದು, ಉಸಿರಿಗೆ ದಾರಿ ಮಾಡೋದು, ಇವನ್ನೆಲ್ಲ ಅವರೇ ಶುರು ಮಾಡಬಲ್ಲರು.

ಡಾಕ್ಟರ ನೋಂದಣಿ ಸಂಖ್ಯೆ ಅವರು ಬರೆಯುವ ಚೀಟಿಯಲ್ಲೂ ಹಣದ ರಸೀದಿಯಲ್ಲೂ ಇರಬೇಕು ಅಂತ ನಿಯಮವಿದೆ. ನೋಡಿ, ದಿನಾ ಡೇರಿಯಲ್ಲಿ ಫ್ಯಾಟು ಎಷ್ಟು ಬಂತು ಅಂತ ಕೇಳದೆ ನೀವು ಕ್ಯಾನು ಎತ್ತೋದಿಲ್ಲ. ಹಾಲಿಗೆ ಅಷ್ಟು ವಿಚಾರಿಸುವವರು ಜೀವದ ವಿಷಯದಲ್ಲಿ ಒಂದು ಸಂಖ್ಯೆ ನೋಡಿದರೆ ತಪ್ಪೇನಿಲ್ಲ.

ಇನ್ನು ಕಾರ್ಡಿನ ವಿಷಯ. ನಮ್ಮ ಯೋಜನೆಗಳಲ್ಲಿ ನೋಂದಣಿ ಆಗೋದು ಆಸ್ಪತ್ರೆ. ಒಬ್ಬರೇ ಸರ್ಜನ್ ಎರಡು ನರ್ಸಿಂಗ್ ಹೋಮಿಗೆ ಹೋಗುತ್ತಿರಬಹುದು. ಒಂದರಲ್ಲಿ ಕಾರ್ಡು ನಡೆಯುತ್ತೆ, ಇನ್ನೊಂದರಲ್ಲಿ ನಡೆಯೋದಿಲ್ಲ. ಪಟ್ಟಿಯಲ್ಲಿರುವ ಆಸ್ಪತ್ರೆಗೂ ಎಲ್ಲ ಕಾಯಿಲೆಗೂ ಒಪ್ಪಿಗೆ ಇರಬೇಕೆಂದಿಲ್ಲ. ಕಣ್ಣಿನ ಆಪರೇಷನ್ನಿಗೆ ಇದ್ದು, ತಲೆಪೆಟ್ಟಿಗೆ ಇಲ್ಲದೆ ಇರಬಹುದು.

ನನಗೆ ತಿಳಿದ ರೈತರೊಬ್ಬರ ಕೈ ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿತು. ರಸ್ತೆ ಬದಿಯ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದರು. ಡಾಕ್ಟರು ಒಳ್ಳೆಯವರೇ, ಕೈ ಉಳಿಯಿತು. ಆದರೆ ಹೆಂಡತಿಯ ಸರ ಗಿರವಿಗೆ ಹೋಯಿತು. ಯಶಸ್ವಿನಿ ಕಾರ್ಡು ಮನೆಯ ಟ್ರಂಕಿನಲ್ಲಿತ್ತು, ಆ ಆಸ್ಪತ್ರೆ ಪಟ್ಟಿಯಲ್ಲಿರಲಿಲ್ಲ. ಬಿಲ್ಲು ಕೊಟ್ಟರೆ ದುಡ್ಡು ವಾಪಸು ಬರುತ್ತೆ ಅಂತ ಆಮೇಲೆ ಓಡಾಡಿದರು. ಇದು ನಗದುರಹಿತ ಯೋಜನೆ. ಪಟ್ಟಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಆದರೆ ಯೋಜನೆಯೇ ಆಸ್ಪತ್ರೆಗೆ ಕಟ್ಟುತ್ತದೆ. ನಾವು ಬೇರೆಡೆ ಕಟ್ಟಿದ್ದು ಬರೋದಿಲ್ಲ. ಪಟ್ಟಿಯ ಆಸ್ಪತ್ರೆ ಅಲ್ಲಿಂದ ಇನ್ನೂ ಸ್ವಲ್ಪ ದೂರದಲ್ಲೇ ಇತ್ತು, ಅದು ಮನೆಯವರಿಗೆ ಗೊತ್ತಿರಲಿಲ್ಲ ಅಷ್ಟೆ.

ಯಶಸ್ವಿನಿ ಸಹಕಾರಿಗಳಿಗಾಗಿಯೇ ಹುಟ್ಟಿದ ಯೋಜನೆ. 2003ರಲ್ಲಿ ಶುರುವಾದಾಗ ಸದಸ್ಯರ ವಂತಿಗೆ ತಿಂಗಳಿಗೆ 5 ರೂಪಾಯಿ. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದೊಳಗೆ ಸೇರಿಸಿದರು. ಸಹಕಾರಿಗಳ ಒತ್ತಾಯದ ಮೇಲೆ 2022ರಲ್ಲಿ ಮತ್ತೆ ಆರಂಭವಾಯಿತು. ಆಗ ಗ್ರಾಮಾಂತರದಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಅಂತ ಗೊತ್ತುಮಾಡಿದರು. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಬೇರೆ. ಅದರಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎ.ಪಿ.ಎಲ್.ನವರಿಗೆ ವೆಚ್ಚದಲ್ಲಿ ನೂರಕ್ಕೆ 30 ಭಾಗ, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಪಟ್ಟಿ ಮಾಡಿರುವ ತುರ್ತು ಚಿಕಿತ್ಸೆಗಳಿಗೆ ಆ ಪತ್ರ ಇಲ್ಲದೆ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು.

ಇಲ್ಲಿ ಒಂದು ಎಚ್ಚರಿಕೆ. ಪಟ್ಟಿ ಹುಡುಕುತ್ತಾ ಹೊತ್ತು ಕಳೆಯಬೇಡಿ. ಜೀವ ಮೊದಲು, ಕಾರ್ಡು ಆಮೇಲೆ. 2008ರಿಂದ ನಮ್ಮ ರಾಜ್ಯದಲ್ಲಿ 108 ಇದೆ, ಕರೆಯಿರಿ. ಹಾವು ಕಚ್ಚಿದರೆ ಮಂತ್ರ, ಬೇರು ಅಂತ ಕೂರದೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೊರಡಿ. ಅಪಾಯದಲ್ಲಿರುವವರಿಗೆ ಮೊದಲ ಚಿಕಿತ್ಸೆ ಕೊಡೋದು ಸರ್ಕಾರಿ, ಖಾಸಗಿ ಯಾವ ಡಾಕ್ಟರಿಗೂ ಕರ್ತವ್ಯ ಅಂತ ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಆದರೆ ಜೀವ ಉಳಿಸುವ ಆ ಮೊದಲ ಚಿಕಿತ್ಸೆ ಆದ ಮೇಲೆ, ಮುಂದಿನ ದೊಡ್ಡ ಚಿಕಿತ್ಸೆ ಎಲ್ಲಿ ಅನ್ನೋದು ಮನೆಯವರಿಗೆ ಮೊದಲೇ ಗೊತ್ತಿರಬೇಕು.

ಅದಕ್ಕೇ ಸಂಘಕ್ಕೆ ನನ್ನದೊಂದು ಬಿನ್ನಹ. ಹಾಲಿನ ದರ ಬರೆಯುವ ಹಲಗೆಯ ಪಕ್ಕದಲ್ಲೇ ಇನ್ನೊಂದು ಹಲಗೆ ಹಾಕಿ. ನಮ್ಮ ಸುತ್ತಿನ ನೋಂದಾಯಿತ ಆಸ್ಪತ್ರೆಗಳು ಯಾವುವು, ಯಾವುದರಲ್ಲಿ ಯಾವ ಚಿಕಿತ್ಸೆಗೆ ಒಪ್ಪಿಗೆ ಇದೆ ಅಂತ ಬರೆಯಿರಿ. ಪಟ್ಟಿ ಬದಲಾಗುತ್ತಿರುತ್ತದೆ. ಆದ್ದರಿಂದ ಪ್ರತಿ ವರ್ಷ ಯಶಸ್ವಿನಿ ವಂತಿಗೆ ಕಟ್ಟಿಸಿಕೊಳ್ಳುವಾಗ ಅದನ್ನೂ ತಿದ್ದಿ. ಆಯುಷ್ಮಾನ್ ವಿಚಾರ ಕೇಳಲು 14555 ಸಂಖ್ಯೆಯನ್ನೂ ಬರೆಯಿರಿ.

ಸದಸ್ಯರು ಮಾಡಬೇಕಾದ್ದು ಇಷ್ಟೆ. ಕಾರ್ಡು, ಆಧಾರ್, ರೇಷನ್ ಕಾರ್ಡು ಒಂದೇ ಚೀಲದಲ್ಲಿರಲಿ. ಆ ಚೀಲ ಎಲ್ಲಿದೆ ಅಂತ ಯಜಮಾನರಿಗಷ್ಟೇ ಅಲ್ಲ, ಮನೆಯ ಹೆಂಗಸರಿಗೂ ಮಕ್ಕಳಿಗೂ ಗೊತ್ತಿರಲಿ. ಆಸ್ಪತ್ರೆ ಸೇರಿದ ಕೂಡಲೇ, ದುಡ್ಡು ಕಟ್ಟುವ ಮೊದಲೇ, ಅಲ್ಲಿರುವ ಆರೋಗ್ಯಮಿತ್ರರನ್ನು ಕಂಡು ಕಾರ್ಡು ತೋರಿಸಿ.

ಡಾಕ್ಟರು ತಮ್ಮ ವಿದ್ಯೆ ಬಳಸುತ್ತಾರೆ, ಸರ್ಕಾರ ಹಣ ಕೊಡುತ್ತದೆ. ಇವೆರಡೂ ಸರಿಯಾದ ಹೊತ್ತಿಗೆ ಒಂದೇ ಕಡೆ ಸಿಗಬೇಕಾದರೆ ಊರಿನವರು ಮುಂಚೆಯೇ ತಿಳಿದಿರಬೇಕು. ಆ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸಲು ಎರಡು ಹೊತ್ತೂ ಸದಸ್ಯರ ಮುಖ ನೋಡುವ ಸಂಘಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಬೆಳ್ಳಿಹಬ್ಬ ಕಂಡ ಈ ಸಂಘ ಚಿನ್ನದ ಹಬ್ಬವನ್ನೂ ಕಾಣಲಿ. ನೀವೆಲ್ಲರೂ ಆರೋಗ್ಯವಾಗಿದ್ದು ಅದನ್ನು ನೋಡುವಂತಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.