ಎಸೆದವರ ಹೆಸರು, ಹಾಡುವವರ ಬಾಯಿ



ಕೊಳ್ಳೇಗಾಲ, ಹನೂರು, ಯಳಂದೂರಿನ ಜನಕ್ಕೆ ಕೀರ್ತಿ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನನ್ನು, ನೀಲಗಾರರು ತಂಬೂರಿ ಹಿಡಿದು ಸಿದ್ದಪ್ಪಾಜಿಯನ್ನು ಹಾಡಿದ್ದರಿಂದ ಆ ಹೆಸರುಗಳು ಮನೆಮನೆಯಲ್ಲಿ ಉಳಿದವು. ಹಾಡುವವರಿಲ್ಲದ ಸಾಹಸದ ಗತಿ ಏನು? ಜರ್ಮನಿಯ ಭರ್ಜಿ ಎಸೆತಗಾರ ಉವೆ ಹೋನ್ ಅವರ ಕಥೆ ಕೇಳಿ.

1984ರ ಜುಲೈ 20ರಂದು ಪೂರ್ವ ಬರ್ಲಿನ್‌ನಲ್ಲಿ ಹೋನ್ ಎಸೆದ ಭರ್ಜಿ 104.80 ಮೀಟರ್ ದೂರ ಹೋಯಿತು. ನೂರು ಮೀಟರ್ ದಾಟಿಸಿದವರು ಇಂದಿಗೂ ಅವರೊಬ್ಬರೇ. ಆದರೆ ಆ ವರ್ಷದ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಅನ್ನು ಪೂರ್ವ ಜರ್ಮನಿ ಬಹಿಷ್ಕರಿಸಿತು. ಪದಕದ ಅವಕಾಶವೇ ತಪ್ಪಿತು. ಭರ್ಜಿ ಮೈದಾನ ಮೀರೀತೆಂಬ ಭಯ ಒಂದು ಕಡೆ; ಅದು ಮೊನೆ ನಾಟದೆ ಅಡ್ಡಡ್ಡ ಬೀಳುತ್ತದೆಂಬ ತಕರಾರು ಇನ್ನೊಂದು ಕಡೆ. ಹೀಗಾಗಿ 1986ರಲ್ಲಿ ಅದರ ಗುರುತ್ವಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ಸರಿಸಿದರು. ಮೊನೆ ಬೇಗ ಬಾಗಿ ದೂರ ಕುಗ್ಗಿತು. ದಾಖಲೆಗಳ ಲೆಕ್ಕ ಹೊಸದಾಗಿ ಶುರುವಾಯಿತು. ಹೋನ್ ಎಸೆತ ಹಳೆಯ ಪುಟಕ್ಕೆ ಸೇರಿತು.

ಭಾರತದಲ್ಲಿ ಅವರ ಹೆಸರು ಹರಡಿದ್ದು ಶಿಷ್ಯನಿಂದ. 2018ರಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದಾಗ ನೀರಜ್ ಚೋಪ್ರಾಗೆ ಹೋನ್ ಗುರು. 2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ರಿಯೊ ಒಲಿಂಪಿಕ್ಸ್ ಚಿನ್ನದ ಜರ್ಮನ್ ಥಾಮಸ್ ರೋಹ್ಲರ್ ಕೂಡ ಸ್ಪರ್ಧಿಸಿದ್ದರು. ಜನ ಕೂಗಿದ್ದು ನೀರಜ್ ಹೆಸರನ್ನು.

ಕನ್ನಡನಾಡಿನವರೇ ಆದ ಶಿರಸಿಯ ಕಾಶಿನಾಥ ನಾಯ್ಕ 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭರ್ಜಿ ಎಸೆದು ಕಂಚು ತಂದರು. ಆ ಹೆಸರನ್ನು ಮಕ್ಕಳಿಗೆ ಹೇಳುವ ಮೇಷ್ಟ್ರು ಊರಿಗೊಬ್ಬರಾದರೂ ಇರಬೇಕು.